ಬೋಲ್ಟಿನ ಕೆಳಗೆ ರಂಗೋಲಿ

ಸಿಂಧನೂರಿನಿಂದ ಬಂದು ಹೈದರಾಬಾದಿನ ಆಟೋನಗರದಲ್ಲಿ ನೆಲೆಸಿದ ಗುರುದೇವಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಗಲ್ಲಿಯವರೆಲ್ಲ ಬಲ್ಲರು. ಈ ಸಲದ ಸಿಟ್ಟಿಗಂತೂ ಕಾರಣವಿತ್ತು. ಗಂಡ ಹಂಪಯ್ಯ ಮನೆ ಮುಂದೆಯೇ ಲಾರಿ ನಿಲ್ಲಿಸುತ್ತಿದ್ದ. ಎಂಜಿನ್ನಿನ ತಳದ ಎಣ್ಣೆ ಬೋಲ್ಟು ಸೋರಿ, ಅವಳು ಕಸ ಗುಡಿಸಿ ನೀರು ಚಿಮುಕಿಸಿ ರಂಗೋಲಿ ಹಾಕುವ ಜಾಗವೆಲ್ಲ ಕರ್ರಗಾಗುತ್ತಿತ್ತು. ಹೇಳಿದಾಗಲೆಲ್ಲ ಅವನು ಪಾನಾ ಹಿಡಿದು ಲಾರಿ ಕೆಳಗೆ ನುಸುಳಿ, ಬೋಲ್ಟನ್ನು ಇನ್ನಷ್ಟು ಬಿಗಿದು, "ಆತು ನೋಡು" ಎನ್ನುತ್ತಿದ್ದ. ಬೆಳಗಾದರೆ ಮತ್ತದೇ ಹೊಲಸು.

ಈ ಭಾನುವಾರ ಅವನು ಮತ್ತೆ ಪಾನಾ ಎತ್ತಿಕೊಂಡಾಗ ಅವಳ ಸಹನೆಯ ಕಟ್ಟೆ ಒಡೆಯಿತು.

"ಕುಕ್ಕರ್ ಸೋರಿದ್ರ ಮುಚ್ಚಳ ಬಡದು ಬಡದು ಬಿಗಿ ಮಾಡ್ತಾರೇನ್ರಿ? ರಬ್ಬರ್ ಬದಲಿ ಮಾಡ್ತಾರ. ಆ ಬೋಲ್ಟಿಗೂ ಒಂದು ವಾಷರ್ ಇರ್ತೈತಿಲ್ಲ?"

"ಅದಕ್ಕ ಎಣ್ಣಿ ಎಲ್ಲಾ ಇಳಸಬೇಕು. ಹಿಡಿಯಾಕ ಮನ್ಯಾಗ ಏನೈತಿ?" ಎಂದ ಹಂಪಯ್ಯ.

ಗುರುದೇವಿ ಒಳಗೆ ಹೋಗಿ, ಅವನು ಸ್ನಾನ ಮಾಡುವ ಬಕೆಟ್ಟನ್ನೇ ತಂದು ಎಂಜಿನ್ನಿನ ಕೆಳಗೆ ದಬ್ಬಿದಳು.

ಹಂಪಯ್ಯ ಲಾರಿ ಕೆಳಗೆ ನುಸುಳಿ ಬೋಲ್ಟು ಬಿಚ್ಚಿದ. ಬಿಗಿದು ಬಿಗಿದು ವಾಷರ್ ಹಪ್ಪಳದಂತೆ ತೆಳ್ಳಗಾಗಿ ಸೀಳಿತ್ತು. ಅಂಗಡಿಯಿಂದ ಹೊಸದನ್ನು ತಂದು ಕೂಡಿಸಿ, ಎಣ್ಣೆ ಸೋಸಿ ಮೇಲಿನಿಂದ ಮತ್ತೆ ಸುರಿದ.

ಅವಳು ನೆಲವನ್ನು ತಿಕ್ಕಿ ತೊಳೆದು, ಲಾರಿಯಡಿ ಬಗ್ಗಿ, ಬೋಲ್ಟಿನ ಕೆಳಗೆ ಸರಿಯಾಗಿ ಒಂದು ರಂಗೋಲಿ ಬಿಡಿಸಿದಳು.

"ನಾಳಿ ಮುಂಜಾನಿ ಇದರ ಮ್ಯಾಲ ಒಂದು ಹನಿ ಕಂಡ್ರ, ನಿಮಗ ಚಹಾನೂ ಅದ ಬಕೆಟ್‌ನ್ಯಾಗ ಕೊಡ್ತೀನಿ."