ಶೇಖರಣ್ಣನ ಎಡಗಡೆ

ಶೇಖರಣ್ಣನ ಕಾಲಿಗೆ ಕಿವಿಯಿತ್ತು. ಶಿವಮೊಗ್ಗ–ಭದ್ರಾವತಿ ನಡುವೆ ಓಡುವ ಖಾಸಗಿ ಬಸ್ಸೊಂದಕ್ಕೆ ಅವರು ಡ್ರೈವರ್, ನಾನು ಹನ್ನೊಂದು ವರ್ಷ ಕಂಡಕ್ಟರ್. ತಮ್ಮ ಬೆನ್ನ ಹಿಂದಿನ ಸೀಟಿನಲ್ಲಿ ಕೂತ ಕಾರ್ಖಾನೆಯ ಹಳಬರೊಂದಿಗೆ ಅವರ ಹರಟೆ ನಡೆದೇ ಇರುತ್ತಿತ್ತು. ನಾನು ಬಾಗಿಲಿನಿಂದ "ಹೋಲ್ಡಾನ್" ಎಂದರೆ ಹರಟೆ ನಿಲ್ಲುತ್ತಿರಲಿಲ್ಲ, ಬಸ್ಸು ನಿಲ್ಲುತ್ತಿತ್ತು.

"ಬಸ್ ಓಡ್ಸೋದು ತಲೆ ಅಲ್ಲ ಮಾರಾಯ, ಕಾಲು. ತಲೇನ ಮನೇಲಿ ಬಿಟ್ಟು ಬಂದ್ರೂ ಭದ್ರಾವತಿ ಮುಟ್ಟಿಸ್ತೀನಿ" ಎನ್ನುತ್ತಿದ್ದರು. ಆಗ ನಗುತ್ತಿದ್ದೆವು.

ಕಳೆದ ವರ್ಷ ಒಂದು ಬೆಳಿಗ್ಗೆ ತಲೆನೋವು, ಎಡಗೈ ಜೋಮು ಎಂದರು. ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಎರಡು ದಿನ ಮಲಗಿದರು. ಮೂರನೆಯ ದಿನ ಡ್ಯೂಟಿಗೆ ಬಂದಾಗ ಮುಖದ ಬಲಗಡೆ ನುಣ್ಣಗಿತ್ತು, ಎಡಗಡೆ ಗಡ್ಡ ಹಾಗೇ ಇತ್ತು.

"ಏನಣ್ಣ, ಬ್ಲೇಡು ಅರ್ಧಕ್ಕೇ ಕೈಕೊಡ್ತಾ?"

"ನಿನ್ನ ಕಣ್ಣಿಗೇನಾಯ್ತೋ? ಈಗಷ್ಟೇ ಶೇವ್ ಮಾಡ್ಕೊಂಡು ಬಂದಿದೀನಿ" ಎಂದು ಬಲಗೆನ್ನೆ ಸವರಿಕೊಂಡರು.

ಅದು ತಮಾಷೆಯಲ್ಲವೆಂದು ತಿಳಿದದ್ದು ಭದ್ರಾವತಿಯ ಹೋಟೆಲಿನಲ್ಲಿ. ತಟ್ಟೆಯಲ್ಲಿ ನಾಲ್ಕು ಇಡ್ಲಿಗಳಿದ್ದವು. ಬಲಗಡೆಯ ಎರಡನ್ನು ತಿಂದು ಹೋಟೆಲಿನ ರಾಜುವಿನ ಮೇಲೆ ರೇಗಿದರು: "ನಾಲ್ಕು ಅಂದ್ರೆ ಎರಡು ಕೊಡ್ತೀಯೇನೋ?" ರಾಜು ತಟ್ಟೆಯನ್ನು ತಿರುಗಿಸಿಟ್ಟ. "ಇದ್ಯಾವಾಗ ತಂದಿಟ್ಯೋ ಕಳ್ಳ!" ಎಂದು ಶೇಖರಣ್ಣ ಉಳಿದೆರಡನ್ನೂ ಖುಷಿಯಿಂದ ತಿಂದರು. ಅಲ್ಲಿದ್ದವರೆಲ್ಲ ನಕ್ಕರು. ನಾನು ಹೊರಗೆ ನಿಂತಿದ್ದ ನಮ್ಮ ಬಸ್ಸನ್ನು ನೋಡಿದೆ. ಬಸ್ಸಿನ ಬಾಗಿಲಿರುವುದು ಎಡಗಡೆ. ಜನ ಹತ್ತುವುದು, ಇಳಿಯುವುದು, ಸೈಕಲ್ಲುಗಳು ಹೋಗುವುದು ಎಲ್ಲವೂ ಎಡಗಡೆ.

ಆಗಲೇ ಮಾಲೀಕರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಡ್ರೈವರ್ ನಿದ್ದೆಗೆಟ್ಟು ಬಂದಿದ್ದರೆ ಪಕ್ಕದಲ್ಲಿ ಕೂತು ಮಾತಾಡಿಸುತ್ತೇವೆಯೇ ಹೊರತು ಯಾರಿಗೂ ದೂರು ಹೇಳುವುದಿಲ್ಲ. ಅದು ನಮ್ಮಲ್ಲಿ ಹಳೆಯ ಮರ್ಯಾದೆ. ಅಲ್ಲದೆ ನನಗೆ ಕೆಲಸ ಕಲಿಸಿದವರು ಅವರು. ಆರು ದಿನ ಬಾಗಿಲಲ್ಲಿ ನಿಂತು ಕೂಗಿದೆ: "ಎಡಕ್ಕೆ ಆಟೋ ಅಣ್ಣ… ಎಡಕ್ಕೆ ದನ ಅಣ್ಣ…"

"ಏನ್ ಮಾರಾಯ, ನಂಗೇನು ಕಣ್ಣಿಲ್ವಾ?" ಎಂದು ಗದರುತ್ತಿದ್ದರು.

ಏಳನೆಯ ದಿನ ಮಧ್ಯಾಹ್ನ ಬಸ್ಸು ಕಿಕ್ಕಿರಿದಿತ್ತು. ಟಿಕೆಟ್ ಕೊಡುತ್ತ ಹಿಂದೆ ಸಿಕ್ಕಿಕೊಂಡಿದ್ದವನು ಕಿಟಕಿಯಿಂದ ನೋಡಿದೆ. ಶಾಲೆಯ ಹುಡುಗಿಯೊಬ್ಬಳು ಸೈಕಲ್ಲಿನಲ್ಲಿ ಹೋಗುತ್ತಿದ್ದಳು. ಬಸ್ಸು ಅವಳ ಕಡೆಗೇ ಸರಿಯುತ್ತಿತ್ತು, ಅವಸರವೇ ಇಲ್ಲದಂತೆ. ಹೋಲ್ಡಾನ್ ಎಂದು ಕಿರುಚಿದೆ. ಬಸ್ಸು ನಿಂತಿತು. ಹುಡುಗಿ ಚರಂಡಿಯ ಅಂಚಿಗೆ ಹಾರಿದ್ದಳು. ಮೊಣಕೈ ತರಚಿತ್ತು, ಅಷ್ಟೇ. ಅವಳ ಸೈಕಲ್ಲು ನಮ್ಮ ಮುಂದಿನ ಚಕ್ರದ ಕೆಳಗಿತ್ತು.

ಜನರನ್ನು ತಳ್ಳಿಕೊಂಡು ಮುಂದೆ ಬಂದೆ.

"ಬಸ್ ಯಾಕೋ ನಿಂತೋಯ್ತು?" ಎಂದು ಶೇಖರಣ್ಣ ನನ್ನನ್ನೇ ಕೇಳಿದರು. ಅವರ ಬಲಗಾಲು ಇನ್ನೂ ಬ್ರೇಕನ್ನು ಒತ್ತಿ ಹಿಡಿದಿತ್ತು.

ನಾನು ಕೀ ಕಿತ್ತುಕೊಂಡೆ.

"ಏಯ್, ಕೊಡೋ ಇಲ್ಲಿ. ನಿಂಗೆ ಸೀಟಿ ಊದೋಕೆ ಕಲಿಸಿದೋನು ನಾನು."

"ಕೊಡಲ್ಲ ಅಣ್ಣ."

ಶಿವಮೊಗ್ಗದ ಡಾಕ್ಟರು ಸ್ಕ್ಯಾನ್ ನೋಡಿ ನನಗೂ ಶೇಖರಣ್ಣನ ಹೆಂಡತಿ ಸರೋಜಕ್ಕನಿಗೂ ಬಿಡಿಸಿ ಹೇಳಿದರು. "ಕಣ್ಣು ಚೆನ್ನಾಗಿದೆ. ಮೆದುಳಿನ ಬಲಭಾಗದಲ್ಲಿ ಒಂದು ಕಡೆ ರಕ್ತ ಹೋಗದೆ ಅಷ್ಟು ಜಾಗ ಸತ್ತಿದೆ. ಎಡಗಡೆ ಇರೋದನ್ನ ಗಮನಿಸೋ ಜಾಗ ಅದು. ಕತ್ತಲಾಗಿದ್ರೆ ಕತ್ತಲು ಅಂತಾದ್ರೂ ಗೊತ್ತಾಗುತ್ತೆ. ಇವರಿಗೆ ಆ ಕಡೆ ಕತ್ತಲೂ ಇಲ್ಲ. ಆ ಕಡೆ ಅನ್ನೋದೇ ಇಲ್ಲ."

ಹಿಂದಿನಿಂದ ನೋಡಿದರೆ ಬಸ್ಸಿನ ಒಳಗು ಹೇಗೆ ಕಾಣುತ್ತದೆಂದು ಚಿತ್ರ ಬರೆಯಲು ಶೇಖರಣ್ಣನಿಗೆ ಹೇಳಿದರು. ಶೇಖರಣ್ಣ ಸ್ಟೇರಿಂಗ್ ಬರೆದರು, ತಮ್ಮ ಸೀಟು, ಬಲಗಡೆಯ ಕಿಟಕಿಗಳನ್ನೆಲ್ಲ ಬರೆದರು. ಎಡಗಡೆ ಹಾಳೆ ಬಿಳಿಯಾಗಿಯೇ ಉಳಿಯಿತು. ಬಾಗಿಲಿರಲಿಲ್ಲ. ಹನ್ನೊಂದು ವರ್ಷ ನಾನು ನಿಂತ ಮೆಟ್ಟಿಲಿರಲಿಲ್ಲ. "ನೋಡಿ ಸಾರ್, ಒಂದು ಸೀಟೂ ಬಿಟ್ಟಿಲ್ಲ" ಎಂದರು.

ಅವರು ತೀರಿಕೊಳ್ಳುವ ಹದಿನೈದು ದಿನ ಮೊದಲು ಹೊಸಮನೆ ಬಡಾವಣೆಯಲ್ಲಿದ್ದ ಅವರ ಮನೆಗೆ ಹೋಗಿದ್ದೆ. ಮರೆತು ಅವರ ಎಡಗಡೆ ಕೂತೆ, ಎಡಗೈ ಹಿಡಿದುಕೊಂಡೆ. ಅವರು ಎದುರಿಗಿದ್ದ ಸರೋಜಕ್ಕನನ್ನು ಕೇಳಿದರು: "ಕೀ ಕಿತ್ಕೊಂಡು ಹೋದೋನು ಆಮೇಲೆ ಈ ಕಡೆ ತಲೆನೇ ಹಾಕ್ಲಿಲ್ವಲ್ಲೇ?"

ಸರೋಜಕ್ಕ ನನ್ನನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡರು.

ಎದ್ದು ಬಲಗಡೆಗೆ ಹೋಗಬಹುದಿತ್ತು. ಧೈರ್ಯ ಬರಲಿಲ್ಲ. ಕೂತಲ್ಲಿಂದಲೇ ಮೆಲ್ಲಗೆ "ಹೋಲ್ಡಾನ್" ಎಂದೆ. ಅವರು ನನ್ನ ಕಡೆ ತಿರುಗಲಿಲ್ಲ, ಹೆಂಡತಿಯೊಂದಿಗಿನ ಮಾತನ್ನೂ ನಿಲ್ಲಿಸಲಿಲ್ಲ. ಬಲಗಾಲು ಮಾತ್ರ ನೆಲವನ್ನು ಒತ್ತಿತು. ನಾನು ಎದ್ದು ಹೊರಡುವವರೆಗೂ ಒತ್ತಿಕೊಂಡೇ ಇತ್ತು.