ಬೀಗದಣ್ಣ ಒಡೆದ ಗಾಜು

ಬೀಗ ರಿಪೇರಿಯವನನ್ನು ಊರೆಲ್ಲ ಬೀಗದಣ್ಣ ಎಂದೇ ಕರೆಯುವುದು. ಅವನ ಸ್ವಂತ ಭಾವಮೈದುನರೇ ಹಾಗೆ ಕರೆಯುತ್ತಾರೆಂದ ಮೇಲೆ ಉಳಿದವರ ಮಾತೇನು! ಕೀಲಿಕೈ ಕಳೆದುಕೊಂಡು ಯಾರೇ ಫೋನು ಮಾಡಲಿ, ಅವನ ಮೊದಲ ಪ್ರಶ್ನೆ ಒಂದೇ: "ಎಂಥ ಬೀಗ?" ಅದನ್ನು ಹೇಳಿದರೆ ಅರ್ಧ ಬಾಗಿಲು ತೆರೆದಂತೆಯೇ. ಇಪ್ಪತ್ತೆರಡು ವರ್ಷದಲ್ಲಿ ಒಂದು ಕದ ಮುರಿದವನಲ್ಲ, ಒಂದು ಗಾಜು ಒಡೆದವನಲ್ಲ. "ಒಡೆದು ತೆಗೆಯುವವ ಕಳ್ಳ, ಒಡೆಯದೆ ತೆಗೆಯುವವ ಕಸುಬುದಾರ" ಎಂದು ಅವನಪ್ಪ ಹೇಳುತ್ತಿದ್ದ ಮಾತನ್ನು ಅಂಗಡಿಯ ಗೋಡೆಗೆ ಬರೆಸಿದ್ದ.

ಅಂಥವನು ತನ್ನ ಹಳೇ ಕಾರನ್ನು ಸುಮ್ಮನೆ ಬಿಟ್ಟಾನೆಯೇ? ಕಳ್ಳರು ಕಿಟಕಿಯ ಸಂದಿಯಲ್ಲಿ ತಂತಿ ಇಳಿಸುತ್ತಾರೆಂದು ನಾಲ್ಕೂ ಬಾಗಿಲಿನ ಒಳಗೆ ತಗಡು ಬಡಿದಿದ್ದ. ಡ್ರೈವರ್ ಬಾಗಿಲಿನ ಒಳಬದಿಗೊಂದು ಗುಂಡಿ ಕೂರಿಸಿದ್ದ. ಬೆರಳು ತಾಗಿದರೆ ಸಾಕು, ಡಿಕ್ಕಿಯೂ ಸೇರಿ ಎಲ್ಲವೂ ಬೀಗ. "ಇದೇನು ಕಾರಾ, ಖಜಾನೆನಾ?" ಎಂದು ಹೆಂಡತಿ ನಗುತ್ತಿದ್ದಳು.

ಹೀಗಿರುವಾಗ ಅವನ ಅತ್ತೆ ಕಾಲು ಮುರಿದುಕೊಂಡು ಮಲಗಿದರು. ಎಂಟು ತಿಂಗಳ ಮೊಮ್ಮಗಳ ಮುಖವನ್ನು ಅವರಿನ್ನೂ ನೋಡಿರಲಿಲ್ಲ. ಆರು ತಾಸಿನ ದಾರಿ. ನಾಯಿಯನ್ನು ಬಿಟ್ಟುಹೋಗುವಂತಿಲ್ಲ, ಬೀಗದಣ್ಣ ಎದುರಿಗೆ ಕೂರದಿದ್ದರೆ ಅದು ತಟ್ಟೆ ಮೂಸುವುದೂ ಇಲ್ಲ. ಅದರ ಹೆಸರು ಚಿಲಕ.

ಹೊರಡುವಾಗ ಹೆಂಡತಿ ಕೇಳಿದ್ದಳು: "ರೀ, ಇನ್ನೊಂದು ಕೀಲಿಕೈ ನನ್ನ ಬ್ಯಾಗಲ್ಲಿ ಹಾಕಿಕೊಳ್ಳಲಾ?"

"ಬೇಡ ಕಣೇ. ಒಂದು ಕಾರಿನ ಎರಡು ಕೀಲಿಕೈ ದಾರಿ ಮೇಲೆ ತಿರುಗಬಾರದು. ಒಂದು ಬಿದ್ದುಹೋದ್ರೆ ಕಳ್ಳನ್ನ ಕರೆದು ಕೊಟ್ಟ ಹಾಗೆ."

ಇನ್ನೊಂದು ಕೀಲಿಕೈ ಅಂಗಡಿಯ ಮೊಳೆಯಲ್ಲೇ ಉಳಿಯಿತು.

ನಡು ಮಧ್ಯಾಹ್ನ ಮುಂದಿನ ಚಕ್ರದ ಗಾಳಿ ಇಳಿದಂತೆ ಕಂಡು, ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದ. ಒಂದು ಮರವಿಲ್ಲ, ನೆರಳಿಲ್ಲ. ಹಿಂದಿನ ಸೀಟಿನಲ್ಲಿ ಮಗು ತನ್ನ ಪುಟ್ಟ ಕುರ್ಚಿಯ ಪಟ್ಟಿಯೊಳಗೆ ನಿದ್ದೆಹೋಗಿತ್ತು. ಎರಡೇ ನಿಮಿಷ ಎಂದು ಎಂಜಿನ್ ಆರಿಸಿ, ಕೀಲಿಕೈಯನ್ನು ಅಲ್ಲೇ ಬಿಟ್ಟು, ಬಾಗಿಲು ಮುಚ್ಚಿ ಇಳಿದ. ಹೆಂಡತಿ ನೀರಿನ ಬಾಟಲಿ ಹಿಡಿದು ನಲ್ಲಿಯ ಕಡೆ ಹೋದಳು. ಯಜಮಾನ ಎಲ್ಲಿ ಹೋದನೆಂದು ನೋಡಲು ಚಿಲಕ ಮುಂದಿನ ಸೀಟಿಗೆ ಹಾರಿತು. ಬಾಗಿಲ ಮೇಲೆ ಎರಡೂ ಮುಂಗಾಲು ಊರಿತು.

ಟಕ್.

ಆ ಸದ್ದು ಬೀಗದಣ್ಣನಿಗೆ ಎದೆಯೊಳಗೇ ಕೇಳಿಸಿತು. ಹಿಡಿ ಎಳೆದ. ಇನ್ನೊಂದು ಬಾಗಿಲು, ಮತ್ತೊಂದು, ಡಿಕ್ಕಿ. ಹತಾರಗಳ ಚೀಲ ಡಿಕ್ಕಿಯೊಳಗೇ ಇತ್ತು.

ಎಳೆದಾಟಕ್ಕೆ ಮಗು ಎಚ್ಚರವಾಗಿ, ಗಾಜಿನಾಚೆ ಅಪ್ಪನ ಮುಖ ಕಂಡು ಕಿಲಕಿಲ ನಕ್ಕಿತು. ಅದಕ್ಕೆ ಚೆಲ್ಲಾಟ, ಇವರಿಗೆ ಪ್ರಾಣಸಂಕಟ.

"ತೆಗೀರಿ, ಬೇಗ ತೆಗೀರಿ!" ಹೆಂಡತಿ ಓಡಿಬಂದಳು.

"ಚಿಲಕಾ, ಒತ್ತೋ! ಇನ್ನೊಂದ್ಸಲ ಒತ್ತೋ!" ಎಂದು ಅವನು ಗುಂಡಿಯ ಕಡೆ ಬೆರಳು ತೋರಿಸಿದ. ನಾಯಿ ಆ ಬೆರಳಿನ ನೇರಕ್ಕೆ ಒಳಗಿನಿಂದ ಗಾಜು ನೆಕ್ಕಿ ಬಾಲ ಅಲ್ಲಾಡಿಸಿತು.

ಪಂಕ್ಚರ್ ಅಂಗಡಿಯ ಮುದುಕ ಗ್ರೀಸು ಮೆತ್ತಿದ ಕೈ ಒರೆಸುತ್ತ ಬಂದ. "ಬಿಸಿಲು ಸುಡ್ತಾ ಇದೆ ತಮ್ಮಾ. ಒಡೆದುಬಿಡು."

"ಬೀಗದ ಕೆಲಸದವನು ನಾನು. ಒಂದು ತಂತಿ ಕೊಡಿ ಸಾಕು."

ಮುದುಕ ತಂತಿ ಕೊಟ್ಟ. ಬೀಗದಣ್ಣ ಬಾಗಿಸಿ ಸಂದಿಯಲ್ಲಿ ಇಳಿಸಿದ. ತಂತಿ ತಗಡಿಗೆ ಬಡಿಯಿತು. ಓರೆಯಾಗಿ ಇಳಿಸಿದರೂ ತಗಡೇ. ತಾನೇ ಬಡಿದ ತಗಡು. ದಾರಿಯಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು? ಆದರೂ ಇಪ್ಪತ್ತೆರಡು ವರ್ಷದ ಕೈ ಸುಮ್ಮನಿರಲೊಲ್ಲದು.

ಮಗುವಿನ ನಗು ಅಳುವಾಯಿತು. ಮುಖ ಕೆಂಪೇರಿ, ಕೂದಲು ಹಣೆಗೆ ಅಂಟಿತು. ಹೆಂಡತಿ ಕಾರಿನ ಮೇಲೆ ಬಾಟಲಿ ಸುರಿದಳು. ನೀರು ಚುರ್ ಎಂದು ಆರಿಹೋಯಿತು.

"ಒಡೀರಿ ರೀ!"

"ಒಂದೇ ನಿಮಿಷ ಕಣೇ, ಸಿಕ್ತು, ಸಿಕ್ಕೇಬಿಡ್ತು..."

"ಎಲ್ಲಿ ಸಿಕ್ತು? ನಿಮ್ಮ ಕಸುಬಿನ ಹೆಸರು ದೊಡ್ಡದೋ, ನನ್ನ ಮಗು ದೊಡ್ಡದೋ?"

ಅವನು ಉತ್ತರ ಕೊಡುವ ಮೊದಲೇ ಅಳು ನಿಂತಿತು. ಮಗುವಿನ ತಲೆ ಭುಜಕ್ಕೆ ವಾಲಿತ್ತು. ಕಣ್ಣು ಅರೆ ತೆರೆದಿತ್ತು. ಚಿಲಕ ಹಿಂದಕ್ಕೆ ಹಾರಿ ಅದರ ಪಾದ ನೆಕ್ಕುತ್ತಿತ್ತು, ನಾಲಿಗೆ ಮೊಳದುದ್ದ.

ಬೀಗದಣ್ಣ ತಂತಿ ಬಿಸಾಡಿದ. "ಚಕ್ರ ಬಿಚ್ಚೋ ಪಾನಾ ಕೊಡಿ, ದೊಡ್ಡದು!" ಎಂದವನು ಹೆಂಡತಿಯತ್ತ ತಿರುಗಿ, "ನೀನು ಹಿಂದಿನ ಕಿಟಕಿ ಹತ್ರ ನಿಂತು ಚಿಲಕನ್ನ ಮಾತಾಡಿಸ್ತಾ ಇರು. ಅದು ಮುಂದಕ್ಕೆ ಬರಬಾರದು" ಎಂದ.

ಮುಂದಿನ ಎಡಗಡೆಯ ಗಾಜಿಗೆ ಬೀಸಿದ. ಪೆಟ್ಟು ಗಾಜಿಗೆ ತಾಗುವಷ್ಟರಲ್ಲಿ ಕೈ ತಾನಾಗಿ ಸಡಿಲಾಯಿತು. ಠಣ್ ಎಂದಿತೇ ಹೊರತು ಗೆರೆಯೂ ಬೀಳಲಿಲ್ಲ.

"ಮುತ್ತು ಕೊಡ್ತೀಯೋ, ಒಡೀತೀಯೋ?" ಮುದುಕ ಗದರಿದ. "ಮೂಲೆಗೆ ಹೊಡಿ!"

ಈ ಸಲ ಹಲ್ಲು ಕಚ್ಚಿ ಮೂಲೆಗೆ ಹೊಡೆದ. ಗಾಜು ಕಲ್ಲುಸಕ್ಕರೆಯಂತೆ ಉದುರಿತು. ಕೈ ತೂರಿಸಿ ಬಾಗಿಲು ತೆಗೆದು, ಪಟ್ಟಿ ಬಿಚ್ಚಿ, ಮಗುವನ್ನು ಎಳೆದುಕೊಂಡು ಅಂಗಡಿಯ ನೆರಳಿಗೆ ಓಡಿದ. ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಅಂಗಿ ಕಳಚಿ, ಕತ್ತು, ಕಂಕುಳು, ಅಂಗಾಲು ಎಲ್ಲ ನೀರಲ್ಲಿ ಒರೆಸಿದರು. ಮುದುಕ ರಟ್ಟಿನ ತುಂಡು ಹಿಡಿದು ಗಾಳಿ ಬೀಸಿದ.

ಮಗು ಬಿಕ್ಕಿತು. ಮತ್ತೊಮ್ಮೆ ಬಿಕ್ಕಿತು. ಆಮೇಲೆ ಅಂಗಡಿ ಹಾರಿಹೋಗುವಂತೆ ಕಿರುಚಿತು. ಹೆಂಡತಿ ಅದನ್ನು ಎದೆಗೆ ಒತ್ತಿಕೊಂಡಳು. ಅದು ಗಟಗಟ ಹಾಲು ಕುಡಿಯಿತು.

"ಕಿರುಚಲಿ ತಾಯಿ, ಬಾಡಿಗೆ ಏನಿಲ್ಲ" ಎಂದ ಮುದುಕ. "ಹಾಗಂತ ಇಲ್ಲೇ ಕೂರಬೇಡಿ. ಹತ್ತಿರದಲ್ಲೇ ಆಸ್ಪತ್ರೆ ಇದೆ, ಒಮ್ಮೆ ತೋರಿಸಿ."

ಆಗ ಬೀಗದಣ್ಣ ತನ್ನ ಕೈ ನೋಡಿಕೊಂಡ. ಮಣಿಕಟ್ಟಿನಿಂದ ರಕ್ತ ಸೋರುತ್ತಿತ್ತು.

ಆಸ್ಪತ್ರೆಯಲ್ಲಿ ಮಗುವನ್ನು ಎರಡು ತಾಸು ಇರಿಸಿಕೊಂಡು, ಪರವಾಗಿಲ್ಲ ಎಂದು ಕಳಿಸಿದರು. ಅತ್ತೆಯ ಮನೆಯವರೆಗೂ ಹೆಂಡತಿ ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಬಿಟ್ಟು ಕದಲಲಿಲ್ಲ. ಗಾಜಿಲ್ಲದ ಕಿಟಕಿಯಿಂದ ಚಿಲಕ ಮಾತ್ರ ದಾರಿಯುದ್ದಕ್ಕೂ ತಲೆ ಹೊರಹಾಕಿ ಸವಾರಿ ಮಾಡಿತು. ಮನೆ ಮುಂದೆ ಇಳಿದವಳು ಕೈ ಚಾಚಿದಳು. ಅವನು ಕಾರಿನ ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟ.

ಊರಿಗೆ ಮರಳಿದ ಮೊದಲ ದಿನವೇ ಬಾಗಿಲುಗಳ ತಗಡು ಕಿತ್ತ. ಗೋಡೆಯ ಬರಹವನ್ನು ಅಳಿಸಲಿಲ್ಲ, ಅಪ್ಪನ ಮಾತಲ್ಲವೇ? ಆದರೆ ಅದರ ಕೆಳಗಿನ ಮೊಳೆಗೆ ಒಂದು ಸುತ್ತಿಗೆ ತೂಗುಹಾಕಿದ. ಈಗ ಯಾರೇ ಫೋನು ಮಾಡಲಿ, ಬೀಗ ಎಂಥದೆಂದು ಕೇಳುವುದು ಆಮೇಲೆ. ಮೊದಲು ಕೇಳುವುದು: "ಒಳಗೆ ಯಾರಿದ್ದಾರೆ?"