ಶಿವಗಂಗಮ್ಮನ ಹಿತ್ತಿಲ ಈಜುಕೊಳ

ಬಣಕಲ್ಲಿನಿಂದ ಒಳಕ್ಕೆ ಹೋಗುವ ಮಣ್ಣುದಾರಿಯಲ್ಲಿ ನಿಂತು ಶಿವಗಂಗಮ್ಮನ ಮನೆ ಯಾವುದೆಂದು ಕೇಳಿದರೆ ಈಗ ಯಾರೂ ತೋಟದ ಹೆಸರು ಹೇಳುವುದಿಲ್ಲ. ಈಜುಕೊಳದ ಮನೆಯಾ ಎಂದು ಕೇಳಿ ಕೈ ತೋರಿಸುತ್ತಾರೆ. ಹಾಗೆ ಕೈ ತೋರಿಸುವವರಲ್ಲಿ ಅರ್ಧ ಜನ ಮೊದಮೊದಲು ಅದೇ ಕೊಳವನ್ನು ನೋಡಿ ಹಲ್ಲು ಕಿರಿದವರೇ. ಶಿವಗಂಗಮ್ಮನವರಿಗೂ ಅದು ಗೊತ್ತು. ಗೊತ್ತಿದ್ದೂ ಬಂದವರಿಗೆ ಕಾಫಿ ಕೊಡದೆ ಕಳಿಸುವವರಲ್ಲ, ಸಕ್ಕರೆ ಮಾತ್ರ ಸ್ವಲ್ಪ ಕಡಿಮೆ ಹಾಕುತ್ತಾರೆ.

ಅವರು ಹುಟ್ಟಿದ್ದು ಕಳಸದ ಹತ್ತಿರ, ಭದ್ರಾ ಹೊಳೆಯ ದಡದಲ್ಲಿ. ಆ ಕಡೆಯ ಮಕ್ಕಳಿಗೆ ಈಜು ಯಾರೂ ಕಲಿಸುವುದಿಲ್ಲ. ಬಾಳೆದಿಂಡಿಗೆ ಜೋತುಬಿದ್ದು ನೀರಿಗಿಳಿದರೆ ಒಂದು ಬೇಸಿಗೆ ಮುಗಿಯುವಷ್ಟರಲ್ಲಿ ದಿಂಡು ಒಂದು ಕಡೆ, ಮಗು ಒಂದು ಕಡೆ. ಹುಡುಗಿ ಎಂದು ಅವರನ್ನು ಯಾರೂ ತಡೆಯಲಿಲ್ಲ. ಆಮೇಲೆ ಚಂದ್ರಶೇಖರ ಅವರನ್ನು ಮದುವೆಯಾಗಿ ಈ ಕಡೆ ಬಂದರು. ಇಲ್ಲಿ ಕಾಫಿ ಇತ್ತು, ಮೆಣಸು ಇತ್ತು, ಹೊಳೆ ಇರಲಿಲ್ಲ. ಇದ್ದಿದ್ದರೂ ಸೊಸೆ ನೀರಿಗೆ ಬೀಳುವುದನ್ನು ಅತ್ತೆ ಒಪ್ಪುತ್ತಿರಲಿಲ್ಲ. ಹಾಗಾಗಿ ಮೂವತ್ತು ಚಿಲ್ಲರೆ ವರ್ಷ ಶಿವಗಂಗಮ್ಮನವರ ಪಾಲಿಗೆ ನೀರೆಂದರೆ ಬಚ್ಚಲ ಹಂಡೆಯದು ಅಷ್ಟೇ. ಮಗಳನ್ನು ಬೆಳೆಸಿ ಹಾಸನಕ್ಕೆ ಮದುವೆ ಮಾಡಿಕೊಟ್ಟರು, ತೋಟ ನೋಡಿಕೊಂಡರು, ಕುಯ್ಲಿನ ಕಾಲದಲ್ಲಿ ಗಂಡನಿಗಿಂತ ಜೋರಾಗಿ ಆಳುಗಳನ್ನು ಗದರಿದರು. ಈಜು ಬರುತ್ತದೆ ಎನ್ನುವುದೇ ಅವರಿಗೆ ಮರೆತುಹೋದಂತಿತ್ತು.

ಅದು ಮತ್ತೆ ನೆನಪಾದದ್ದು ಒಂದು ಕೆಟ್ಟ ದಿನ. ಆ ವರ್ಷ ಹೂಮಳೆ ಕೈಕೊಟ್ಟಿತ್ತು. ಕಾಫಿ ಮೊಗ್ಗು ಒಣಗುವ ಮೊದಲು ನೀರು ಹಾರಿಸಬೇಕೆಂದು ಎಲ್ಲರ ತೋಟದಲ್ಲೂ ಸ್ಪ್ರಿಂಕ್ಲರ್ ಓಡುತ್ತಿದ್ದವು. ಅದಕ್ಕೆಂದೇ ಇತ್ತೀಚೆಗೆ ತೋಟಕ್ಕೊಂದು ಕೃಷಿ ಹೊಂಡ ಆಗಿದೆ. ಇಳಿಜಾರು ಬದಿಯ ದೊಡ್ಡ ಗುಂಡಿ ತೋಡಿ, ನೀರು ಇಂಗದ ಹಾಗೆ ಪ್ಲಾಸ್ಟಿಕ್ ಶೀಟು ಹಾಸಿ, ತುಂಬಿಸಿ ಇಡುತ್ತಾರೆ. ಪಕ್ಕದ ತೋಟದ ಅಂಥದೊಂದು ಹೊಂಡಕ್ಕೆ ಪವಿತ್ರಾಳ ಮಗಳು ಕವನಾ ಜಾರಿಬಿದ್ದಳು. ಪವಿತ್ರಾ ಕೆಳಗಿನ ಕಾಲನಿಯವಳು, ಶಿವಗಂಗಮ್ಮನವರ ತೋಟಕ್ಕೆ ವರ್ಷವಿಡೀ ಕೆಲಸಕ್ಕೆ ಬರುವವಳು. ಅಂದು ಶಾಲೆಗೆ ರಜೆಯೆಂದು ಮಗಳನ್ನೂ ಕರೆದುಕೊಂಡು, ಕೆಲಸಕ್ಕೆ ಕೆಲಸ ತೀರಿಸುವ ಮುಯ್ಯಾಳಾಗಿ ಆ ತೋಟಕ್ಕೆ ಹೋಗಿದ್ದಳು. ಕೂಗು ಕೇಳಿ ಓಡಿಬಂದವರು ಉದ್ದನೆಯ ಪೈಪು ಚಾಚಿದರು, ಮಗು ಹಿಡಿದುಕೊಂಡಿತು, ದೇವರು ದೊಡ್ಡವನು. ಶಿವಗಂಗಮ್ಮ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಕವನಾ ತಾಯಿಯ ತೊಡೆಯ ಮೇಲೆ ನಡುಗುತ್ತಿದ್ದಳು.

ಜೀವ ಉಳಿಯಿತು, ಭಯ ಉಳಿದುಕೊಂಡಿತು. ಆಮೇಲೆ ಆ ಹುಡುಗಿ ತುಂಬಿದ ಬಕೆಟ್ ಕಂಡರೂ ಗೋಡೆಗೆ ಒರಗಿ ನಿಲ್ಲತೊಡಗಿದಳು. ಸ್ನಾನ ಮಾಡಿಸುವುದೇ ಒಂದು ಯುದ್ಧ ಎಂದು ಪವಿತ್ರಾ ಹೇಳುತ್ತಿದ್ದಳು. ಶಿವಗಂಗಮ್ಮನವರಿಗೆ ಅನ್ನ ರುಚಿಸಲಿಲ್ಲ. ಊರ ಸುತ್ತ ಹೊಂಡಗಳು, ಊರೊಳಗೆ ಇಷ್ಟು ಮಕ್ಕಳು, ಒಂದಕ್ಕೂ ಈಜು ಬಾರದು. ಬರುವವಳು ನಾನೊಬ್ಬಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಒಲೆ ಮುಂದೆ ಕೂತಿದ್ದೇನೆ. ಈ ಯೋಚನೆ ಕೊರೆಯುತ್ತಾ ಕೊರೆಯುತ್ತಾ ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬಾಯಿಗೆ ಬಂತು. ಹಿತ್ತಿಲಲ್ಲಿ ಈಜುಕೊಳ ಮಾಡಿಸುತ್ತೇನೆ, ಮಕ್ಕಳಿಗೆ ಕಲಿಸುತ್ತೇನೆ, ಮೊದಲು ಕವನಾಳಿಗೆ.

ಚಂದ್ರಶೇಖರ ಅವರು ಆರಕ್ಕೆ ಏರದ, ಮೂರಕ್ಕೆ ಇಳಿಯದ ಮನುಷ್ಯ. ಅಂಥವರೂ ಕಡುಬನ್ನು ತಟ್ಟೆಗೆ ವಾಪಸ್ಸಿಟ್ಟರು.

"ಆರು ತಿಂಗ್ಳು ಮಳೆ ಹೊಯ್ಯೋ ಊರಲ್ಲಿ ದುಡ್ಡು ಕೊಟ್ಟು ನೀರು ನಿಲ್ಲಿಸ್ತೀಯಾ ಮಾರಾಯ್ತಿ?"

ಆದರೆ ಹೆಂಡತಿ ಹಠಕ್ಕೆ ಬಿದ್ದರೆ ಬ್ರಹ್ಮ ಬಂದರೂ ಬಿಡಿಸಲಾಗದು ಎಂಬುದು ಅವರಿಗೆ ಮದುವೆಯಾದ ಮೊದಲ ವರ್ಷವೇ ಗೊತ್ತಾಗಿತ್ತು. ತಟ್ಟೆಯ ಕಡುಬಿಗೇ ಮತ್ತೆ ಕೈ ಹಾಕಿದರು.

ಮಳೆಗಾಲ ಮುಗಿದ ಮೇಲೆ ಕೆಲಸ ಶುರುವಾಯಿತು. ಪೇಟೆಯಿಂದ ಈಜುಕೊಳ ಕಟ್ಟುವವರನ್ನು ಕರೆಸಿದರೆ ತೋಟವನ್ನೇ ಬರೆದುಕೊಡಬೇಕಾದೀತು, ನಮ್ಮ ಕೆಲಸ ನಾವೇ ಮಾಡೋಣ ಎಂದು ಶಿವಗಂಗಮ್ಮ ತೀರ್ಮಾನಿಸಿದರು. ಕಾಫಿ ಗಿಡ ನೆಡುವಾಗ ಸಾಲು ಹಿಡಿಯುವ ಹಗ್ಗ ಮತ್ತು ಗೂಟ ತಂದು, ಕಣದ ಹಿಂದಿನ ಸಮತಟ್ಟು ಜಾಗದಲ್ಲಿ ತಾವೇ ಅಳತೆ ಹಾಕಿದರು. ಕಾಫಿ ಒಣಗಿಸುವ ಕಣದಷ್ಟೇ ದೊಡ್ಡದಾಯಿತು. ಇಷ್ಟು ದೊಡ್ಡದು ಯಾಕೆ ಎಂದು ಗಂಡ ಕೇಳಿದ್ದಕ್ಕೆ, ಮಕ್ಕಳು ಕೈಕಾಲು ಬಡಿಯುವುದು ಬೇಡವೇ ಎಂದರು. ಊರಿನವರು ಬಂದು ಇಣುಕಿದರು. ಮೀನು ಸಾಕಲಿಕ್ಕೆ ಎಂದು ಒಬ್ಬರು, ಹೋಮ್‌ಸ್ಟೇ ಮಾಡಲಿಕ್ಕೆ ಎಂದು ಇನ್ನೊಬ್ಬರು. ಈ ವಯಸ್ಸಿನಲ್ಲಿ ಗೌಡ್ತಿ ಈಜಲಿಕ್ಕೆ ಎಂದು ತಿಳಿದಾಗ ಬಣಕಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ವಾರ ಬೇರೆ ಮಾತೇ ಇರಲಿಲ್ಲ.

ಗುಂಡಿ ತೆಗೆಯಲು ಜೆಸಿಬಿ ತಂದವನು ರಾಜೇಶ. ಆ ಸುತ್ತಿನ ಅರ್ಧ ಹೊಂಡಗಳನ್ನು ತೋಡಿದವನು ಅವನೇ. ಬದಿ ನೇರ ಬೇಕೋ ಇಳಿಜಾರು ಬೇಕೋ ಎಂದು ಕೇಳಿದ. ಇಳಿಜಾರೇ ಇರಲಿ, ಮಕ್ಕಳು ಮೆಲ್ಲಗೆ ನಡೆದು ನೀರಿಗೆ ಇಳಿಯಬಹುದು ಎಂದು ಶಿವಗಂಗಮ್ಮ ಹೇಳಿದರು. ಅಪಾಯ ಇರುವುದು ಆಳದಲ್ಲಿ ಎಂದೇ ಅವರು ತಿಳಿದಿದ್ದರು. ಆದ್ದರಿಂದ ಆಳವನ್ನು ಎಲ್ಲೂ ತಮ್ಮ ಕುತ್ತಿಗೆಗೆ ಮೇಲಾಗದಂತೆ ನೋಡಿಕೊಂಡರು. ಕರಿ ಶೀಟು ಮಾತ್ರ ಬೇಡ, ಹುಡುಗಿಗೆ ಹೊಂಡದ ನೆನಪಾಗುತ್ತದೆ ಎಂದು ಹುಡುಕಿಸಿ ನೀಲಿ ಶೀಟು ತರಿಸಿ ಹಾಸಿದರು. ಹಳೆಯ ಪಂಪ್‌ಸೆಟ್ಟಿಗೆ ಡ್ರಿಪ್ ನೀರಾವರಿಗೆ ಹಾಕುವ ಮರಳಿನ ಫಿಲ್ಟರ್ ಜೋಡಿಸಿದರು. ಮಣ್ಣಿನ ಹುಳಿ ನೋಡಿ ಸುಣ್ಣ ಹಾಕುವ ತೋಟದವರಿಗೆ ನೀರಿನ ಹುಳಿ ನೋಡುವುದೇನು ಹೊಸ ವಿದ್ಯೆಯಲ್ಲ. ಬ್ಲೀಚಿಂಗ್ ಪುಡಿ ಎಷ್ಟು ಹಾಕಬೇಕೆಂದು ಮಾತ್ರ ಮಗಳಿಗೆ ಫೋನ್ ಮಾಡಿ ಕೇಳಿಕೊಂಡರು. ಮೇಲಿನ ಸಿಲ್ವರ್ ಓಕ್ ಮರಗಳು ಎಲೆ ಉದುರಿಸುವುದನ್ನು ಯಾರ ಮಾತಿಗೂ ನಿಲ್ಲಿಸುವುದಿಲ್ಲವಾದ್ದರಿಂದ ನರ್ಸರಿಯ ನೆರಳು ಬಲೆ ತಂದು ಕಟ್ಟಿದರು.

ನೀರು ತುಂಬಿಸುವ ದಿನ ಮಧ್ಯಾಹ್ನವೇ ಕರೆಂಟು ಹೋಯಿತು. ನೀರು ಅಂಚಿನಿಂದ ಒಂದು ಮೊಳಕ್ಕೂ ಕೆಳಗೇ ನಿಂತಿತು. ಗಂಡ ಮೂಡಿಗೆರೆಗೆ ಹೋಗಿದ್ದರು. ಶಿವಗಂಗಮ್ಮ ಅತ್ತಿತ್ತ ನೋಡಿ, ಮಗಳ ಹಳೆಯ ಚೂಡಿದಾರ ಹಾಕಿಕೊಂಡು, ಅಂಚಿನಲ್ಲಿ ಕೂತು ಸರ್ರನೆ ಜಾರಿದರು. ನೀರು ಎದೆಗೆ ಬಂತು. ಮುಂದಕ್ಕೆ ಬಾಗಿ ಕೈ ಬೀಸಿದರು, ಅಷ್ಟೇ. ಮೈಗೆ ಎಲ್ಲವೂ ನೆನಪಿತ್ತು. ಆ ತುದಿಯಿಂದ ಈ ತುದಿಗೆ, ಅಂಗಾತ, ಮಗ್ಗುಲಾಗಿ, ಮುಳುಗಿ, ಎದ್ದು. ಅಷ್ಟು ವರ್ಷ ಯಾಕೆ ಬಿಟ್ಟಿದ್ದೆ ಎಂದು ಅಳು ಬಂತು, ನೀರೊಳಗೆ ಇದ್ದುದರಿಂದ ಒರೆಸಿಕೊಳ್ಳುವ ಕೆಲಸ ತಪ್ಪಿತು.

ಸುಸ್ತಾದ ಮೇಲೆ ದಡ ಹತ್ತಲು ಹೋದರು. ಕಾಲು ಜಾರಿತು. ಕೈ ಊರಿದರು, ಕೈ ಜಾರಿತು. ಮೊಣಕಾಲೂರಿ ತೆವಳಿದರು, ಬಂದ ದಾರಿಯಲ್ಲೇ ವಾಪಸ್ಸು ನೀರಿಗೆ. ಮೊದಲು ತಮಗೇ ನಗು ಬಂತು. ಇನ್ನೊಂದು ಬದಿಗೆ ಹೋದರು, ಅಲ್ಲೂ ಅದೇ. ಒದ್ದೆ ಶೀಟಿನ ಮೇಲೆ ಉಗುರಿಗೂ ಹಿಡಿತ ಸಿಗಲಿಲ್ಲ. ಹತ್ತಿದಷ್ಟೂ ಉಸಿರು ಕಟ್ಟತೊಡಗಿತು, ಕಾಲು ಸೋತವು, ತಣ್ಣೀರಿಗೆ ಹಲ್ಲು ಕಟಕಟ ಎಂದವು. ನಗು ಎಲ್ಲಿಗೋ ಹೋಯಿತು. ಬಾಯಿಬಿಟ್ಟು ಪವಿತ್ರಾಳ ಹೆಸರು ಕೂಗಿದರು.

ತೋಟದಲ್ಲಿ ಕೆಲಸ ಮಾಡುತ್ತಿದ್ದ ಪವಿತ್ರಾ ಓಡಿಬಂದು ನೋಡಿದಳು, ಗೋಡೆಗೆ ಒರಗಿಸಿದ್ದ ಮೆಣಸು ಕೊಯ್ಯುವ ಬಿದಿರೇಣಿ ಎಳೆದು ತಂದು ಇಳಿಜಾರಿನ ಮೇಲೆ ಇಳಿಬಿಟ್ಟಳು. ಶಿವಗಂಗಮ್ಮ ಏಣಿ ಹಿಡಿದು ಮೇಲೆ ಬಂದು ಮಣ್ಣಿನ ಮೇಲೇ ಕೂತರು. ಪವಿತ್ರಾ ಏಣಿಯನ್ನು ಮೇಲಕ್ಕೆ ಎಳೆದು ಹಾಕಿದಳು.

"ಅಮ್ಮಾ, ನಮ್ಮ ಕವನಾನೂ ಹೀಗೇ ಕೈ ಊರ್ತಾ ಇದ್ಳು," ಎಂದಳು.

ಆ ಮಾತು ಶಿವಗಂಗಮ್ಮನವರ ಎದೆಗೆ ನೇರವಾಗಿ ನಾಟಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ, ಮಕ್ಕಳನ್ನು ಹೊಂಡದಿಂದ ಉಳಿಸಲೆಂದು ಹಿತ್ತಿಲಲ್ಲಿ ಇನ್ನೊಂದು ಹೊಂಡವನ್ನೇ ಮಾಡಿಟ್ಟಿದ್ದರು. ಬಣ್ಣ ಮಾತ್ರ ನೀಲಿ. ತೋಟದವರಿಗೆ ನೀರು ನಿಲ್ಲಿಸುವುದೆಂದರೆ ಹೊಂಡ, ಹೊಂಡವೆಂದರೆ ಇಳಿಜಾರು ಮತ್ತು ಶೀಟು. ಬೇರೆ ಥರ ಇರಬಹುದೆಂದು ಅವರಿಗೂ ಹೊಳೆಯಲಿಲ್ಲ, ರಾಜೇಶನಿಗೂ ಹೊಳೆಯಲಿಲ್ಲ. ಈ ನೀರಿಗೆ ಪವಿತ್ರಾ ಇನ್ನು ಮಗಳನ್ನು ಬಿಡುವುದುಂಟೇ ಎಂದು ಅವರಿಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಆಯಿತು.

ಅಂದು ಸಂಜೆ ಕರೆಂಟು ಬಂದ ಕೂಡಲೇ ನೀರು ಖಾಲಿ ಮಾಡಿಸಿದರು. ಮರುದಿನ ಬೆಳಿಗ್ಗೆ ಕತ್ತಿ ತೆಗೆದುಕೊಂಡು ತಾವೇ ಇಳಿದು ಶೀಟನ್ನು ಪರಪರ ಕೊಯ್ದು ಹಾಕಿದರು. ಕುಯ್ಲು ಮುಗಿಯುವವರೆಗೆ ಆ ಗುಂಡಿಯ ಕಡೆ ತಿರುಗಿ ನೋಡಲಿಲ್ಲ. ಊರು ನಕ್ಕಿತು, ನಗಲಿ. ನಗದವರೆಂದರೆ ಚಂದ್ರಶೇಖರ ಒಬ್ಬರೇ. ಕೊನೆಯ ಚೀಲ ಗೋದಾಮಿಗೆ ಹೋದ ದಿನ ಅವರೇ ಮೇಸ್ತ್ರಿ ದಾಸಯ್ಯನನ್ನು ಕರೆದುಕೊಂಡು ಬಂದು ಗುಂಡಿಯ ಅಂಚಿನಲ್ಲಿ ನಿಲ್ಲಿಸಿ, ಅಮ್ಮ ಹೇಳಿದ ಹಾಗೆ ಕಟ್ಟು ಎಂದರು. ಶಿವಗಂಗಮ್ಮ ಗಂಡನ ಮುಖ ನೋಡಿದರು. ಅವರು ಅಡಿಕೆ ಹುಡುಕುವವರ ಹಾಗೆ ಜೇಬು ತಡಕಾಡಿಕೊಂಡು ಒಳಗೆ ಹೋದರು.

ಈ ಸಲ ಬದಿಗಳು ನೇರವಾದವು, ಸಿಮೆಂಟ್ ಇಟ್ಟಿಗೆಯ ಗೋಡೆ ಎದ್ದಿತು. ಒಂದು ಪಕ್ಕ ಪೂರ್ತಿ ಅಗಲಕ್ಕೆ ಮೆಟ್ಟಿಲು, ಕಳಸದ ಹೊಳೆಗೆ ಇಳಿಯುವ ಹಾಗೆ. ಸುತ್ತ ಕೈಗೆ ಸಿಗುವ ಮಟ್ಟದಲ್ಲಿ ಪೈಪಿನ ಕಂಬಿ. ನೆಲದ ವಿಷಯಕ್ಕೆ ಮಾತ್ರ ದಾಸಯ್ಯನಿಗೂ ಅವರಿಗೂ ಜಟಾಪಟಿಯೇ ನಡೆಯಿತು. ಕಾಫಿ ಕಣಗಳನ್ನು ಕನ್ನಡಿಯ ಹಾಗೆ ನುಣುಪು ಮಾಡಿ ಹೆಸರು ಮಾಡಿದ ಮೇಸ್ತ್ರಿ ಅವನು. ಒರಟು ಮಾಡಿದರೆ ನೋಡಿದವರು ನನಗೆ ಉಗಿಯುತ್ತಾರೆ ಎಂದ. ಉಗಿದರೆ ನನ್ನ ಹೆಸರು ಹೇಳು ಎಂದು ಶಿವಗಂಗಮ್ಮ ಅವನು ಊಟಕ್ಕೆ ಕೂತ ಹೊತ್ತಿಗೆ ಕಡ್ಡಿ ಪೊರಕೆ ತಂದು ಹಸಿ ಸಿಮೆಂಟಿನ ಮೇಲೆ ಗೀರು ಎಳೆದುಬಿಟ್ಟರು. ಅವನು ಎರಡು ದಿನ ಮಾತು ಬಿಟ್ಟ. ಸುತ್ತ ಬೇಲಿ ಹಾಕಿ, ಗೇಟಿನ ಚಿಲಕವನ್ನು ಮಕ್ಕಳ ಕೈಗೆ ಎಟುಕದಷ್ಟು ಎತ್ತರಕ್ಕೆ ಇಡಿಸಿದ ಮೇಲೆಯೇ ನೀರು ಬಿಟ್ಟರು. ಮೊದಲು ತಾವೇ ಇಳಿದು ನಾಲ್ಕೂ ಬದಿಯಿಂದ ಹತ್ತಿ ಬಂದರು.

ಬೇಸಿಗೆ ರಜೆ ಬಂತು, ಮಕ್ಕಳೂ ಬಂದವು. ಶಿವಗಂಗಮ್ಮನವರ ಬೈಗುಳ ಕೇಳಿಕೊಂಡೇ ಈಜು ಕಲಿಯತೊಡಗಿದವು. ಪವಿತ್ರಾ ಮಾತ್ರ ಸಂಜೆ ಕೆಲಸ ಬಿಟ್ಟು ಹೋಗುವಾಗ ಕವನಾಳ ಕೈ ಬಿಗಿಯಾಗಿ ಹಿಡಿದು ಬೇಲಿಯ ಆಚೆ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದಳು. ಕರೆಯಬೇಕೆಂದು ಶಿವಗಂಗಮ್ಮನವರ ನಾಲಿಗೆಯ ತುದಿಗೆ ಬರುತ್ತಿತ್ತು. ಯಾವ ಮುಖ ಇಟ್ಟುಕೊಂಡು ಕರೆಯುವುದು? ಇಷ್ಟೆಲ್ಲ ಮಾಡಿದ್ದೇ ಆ ಒಂದು ಮಗುವಿಗೆ ಎಂದು ಹೇಳಿಕೊಳ್ಳಲೂ ಆಗದೆ ನುಂಗಿಕೊಳ್ಳುತ್ತಿದ್ದರು.

ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಪವಿತ್ರಾ ಚಿಲಕ ತೆಗೆದು ಒಳಗೆ ಬಂದಳು. ಮಗಳನ್ನು ಮೇಲಿನ ಮೆಟ್ಟಿಲ ಮೇಲೆ ಕೂರಿಸಿದಳು. ಕವನಾ ಎರಡೂ ಕಾಲು ಮಡಚಿ ಎದೆಗೆ ಒತ್ತಿಕೊಂಡಳು.

"ಅವಳಿಗಲ್ಲ ಅಮ್ಮಾ, ಮೊದ್ಲು ನಂಗೆ ಕಲ್ಸಿ," ಎಂದಳು ಪವಿತ್ರಾ. "ಅವತ್ತು ದಡದಲ್ಲಿ ನಿಂತು ಕೂಗೋದು ಬಿಟ್ರೆ ನನ್ನ ಕೈಲಿ ಏನೂ ಆಗ್ಲಿಲ್ಲ. ತಾಯಿಗೇ ಈಜು ಬರ್ದೇ ಇದ್ರೆ ಅವಳು ಯಾರನ್ನ ನಂಬಿ ಇಳೀತಾಳೆ?"

ಶಿವಗಂಗಮ್ಮನವರಿಗೆ ಇದು ಹೊಳೆದೇ ಇರಲಿಲ್ಲ. ಅವರು ಮಕ್ಕಳ ಲೆಕ್ಕ ಮಾತ್ರ ಹಾಕಿದ್ದರು. ಕೈ ಚಾಚಿ ಅವಳನ್ನು ನೀರಿಗೆ ಇಳಿಸಿಕೊಂಡರು.

ಪವಿತ್ರಾ ಸುಲಭದ ಶಿಷ್ಯೆಯಲ್ಲ. ಹಗಲೆಲ್ಲ ಕತ್ತಿ ಹಿಡಿದು ಗಟ್ಟಿಯಾದ ಮೈ, ನೀರಿನಲ್ಲಿ ಸಡಿಲ ಬಿಡಲು ಅದಕ್ಕೆ ಗೊತ್ತಿಲ್ಲ. ಮುಳುಗಿದಳು, ಕೆಮ್ಮಿದಳು, ಅಮ್ಮನವರ ಕುತ್ತಿಗೆಗೇ ಜೋತುಬಿದ್ದಳು. ಗೌಡ್ತಿ ಬೈದರು, ಅವಳೂ ತಿರುಗಿ ಬೈದಳು. ತೋಟದಲ್ಲಾಗಿದ್ದರೆ ಆ ಮಾತಿಗೆ ಊರೇ ಬಾಯಿ ಬಿಡುತ್ತಿತ್ತು, ನೀರಿನಲ್ಲಿ ಇಬ್ಬರಿಗೂ ಅದು ಅರಿವಿಗೇ ಬರಲಿಲ್ಲ. ದಿನಾ ಸಂಜೆ ಕವನಾ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಮಡಚಿದ ಕಾಲು ಮೆಲ್ಲಗೆ ಒಂದೊಂದೇ ಮೆಟ್ಟಿಲು ಕೆಳಗೆ ಬರುತ್ತಿದ್ದುದನ್ನು ಶಿವಗಂಗಮ್ಮ ಗಮನಿಸಿದರೂ ಕಣ್ಣೆತ್ತಿ ನೋಡಲಿಲ್ಲ. ನೋಡಿದರೆ ಎಲ್ಲಿ ವಾಪಸ್ಸು ಹೋಗುತ್ತಾಳೋ ಎಂಬ ಹೆದರಿಕೆ.

ಮಳೆಗಾಲಕ್ಕೆ ಮೊದಲಿನ ಒಂದು ಸಂಜೆ, ಗುಡ್ಡದ ಮೇಲೆ ಮೋಡ ಕಟ್ಟಿತ್ತು. ಪವಿತ್ರಾ ಅಂಗಾತ ಮಲಗಿದಳು. ಬೆನ್ನ ಕೆಳಗಿನ ಕೈಯನ್ನು ಶಿವಗಂಗಮ್ಮ ಮೆಲ್ಲಗೆ ತೆಗೆದರು. ಅವಳು ಮುಳುಗಲಿಲ್ಲ. ಕಣ್ಣು ಬಿಟ್ಟುಕೊಂಡು ಆಕಾಶ ನೋಡುತ್ತ ತೇಲುತ್ತಿದ್ದಳು.

ಮೆಟ್ಟಿಲ ಮೇಲೆ ನೀರು ಅಲುಗಿದ ಸದ್ದಾಯಿತು. ಕವನಾ ಕಂಬಿ ಹಿಡಿದು ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದಳು. ಇದೇ ಗಳಿಗೆಗೆ ಕಾದಿದ್ದ ಶಿವಗಂಗಮ್ಮ ಎರಡೂ ಕೈ ಚಾಚಿ, ಬಾ ಪುಟ್ಟಿ, ನಾನಿದ್ದೇನೆ ಎಂದರು. ಹುಡುಗಿ ಆ ಕೈಗಳನ್ನು ನೋಡಿದಳು, ಅವುಗಳನ್ನು ದಾಟಿ ತಾಯಿಯನ್ನು ನೋಡಿದಳು.

"ಅಮ್ಮ ಹಿಡ್ಕೊಳ್ಲಿ," ಎಂದಳು.

ಪವಿತ್ರಾ ತಡಬಡಿಸಿ ಎದ್ದು ನಿಂತು ಮುಖದ ನೀರು ಒರೆಸಿಕೊಂಡಳು. ತನಗೇ ಈಗಷ್ಟೇ ಬಂದ ವಿದ್ಯೆ. ಸಂಕೋಚದಿಂದ ಅಮ್ಮನವರ ಕಡೆ ತಿರುಗಿದಳು. ಶಿವಗಂಗಮ್ಮ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಹಿಡಿದುಕೋ, ನಿನಗೆ ಬರುತ್ತದೆ ಎಂದರು. ಸುಳ್ಳು ಹೇಳಬಾರದು, ಅವರಿಗೆ ಚೂರು ಹೊಟ್ಟೆಕಿಚ್ಚಾಯಿತು. ಮೆಟ್ಟಿಲ ಮೇಲೆ ಹೋಗಿ ಕೂತರು. ಪವಿತ್ರಾ ಮಗಳ ಬೆನ್ನಿನ ಕೆಳಗೆ ಕೈ ಇಟ್ಟು, ಮೈ ಸಡಿಲ ಬಿಡು, ಮೇಲೆ ನೋಡು ಎಂದು ಅಮ್ಮನವರದೇ ಧಾಟಿಯಲ್ಲಿ ಗದರಿದಳು. ಮಗು ಮಲಗಿತು. ಶಿವಗಂಗಮ್ಮ ಸೆರಗಿಲ್ಲದ ಚೂಡಿದಾರದ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ ಅಲ್ಲೇ ಕೂತು ನೋಡಿದರು, ಮೊದಲ ಹನಿ ಬಿದ್ದರೂ ಮೂವರಲ್ಲಿ ಯಾರೂ ಏಳಲಿಲ್ಲ.